ಡೆನ್ಜಿಲನ ಹೊಸ ಮೂಗು

ಅಮ್ಮ ಕನ್ನಡಕ ಒರೆಸಿ ಹಾಕಿಕೊಂಡು ಮತ್ತೊಮ್ಮೆ ದಿಟ್ಟಿಸಿದಾಗ ಡೆನ್ಜಿಲ್ ಆಸ್ಪತ್ರೆಯ ಮಂಚದ ಮೇಲೆ ನೆಟ್ಟಗೆ ಕೂತ. ಯುದ್ಧವಿಮಾನದ ಜೊತೆ ಮುಖವೂ ಸುಟ್ಟ ಮೇಲೆ ಆಕೆ ಅವನನ್ನು ನೋಡುತ್ತಿರುವುದು ಇದೇ ಮೊದಲು. ಹೊಟ್ಟೆಯ ಚರ್ಮದಿಂದ ಹೊಸ ಮೂಗು ಕಟ್ಟುವ ಮುಂಚೆ ಡಾಕ್ಟರು ಅವನ ಹಳೆಯ ಫೋಟೋ ಕೇಳಿದ್ದರು. ಆಲೂಗಡ್ಡೆಯಂಥ ತನ್ನ ಮೂಗಿಗೆ ಮರುಜನ್ಮ ಯಾಕೆಂದು ಇವನು ಗುಟ್ಟಾಗಿ ಅಣ್ಣ ಮಾರಿಸನ ಫೋಟೋ ಕೊಟ್ಟಿದ್ದ.

ರೋಗಿಗಳ ಖುಷಿಗೆಂದು ಡಾಕ್ಟರೇ ವಾರ್ಡಿನಲ್ಲಿ ಇಡಿಸಿದ್ದ ಬಿಯರ್ ಪೀಪಾಯಿಯ ಸುತ್ತ ನಿಂತಿದ್ದ, ಅವನಂತೆಯೇ ಸುಟ್ಟು ಮೂಗು ಕಟ್ಟಿಸಿಕೊಳ್ಳುತ್ತಿದ್ದ ಅರೆಮೂಗಿನ ಗೆಳೆಯರೆಲ್ಲ ಲೋಟ ಕೆಳಗಿಟ್ಟರು. ಅಮ್ಮ ಇನ್ನೇನು ಅತ್ತೇ ಬಿಡುತ್ತಾಳೆಂದು ಡೆನ್ಜಿಲ್, "ಹೆದರ್ಬೇಡಮ್ಮ, ನಾನೇ" ಅಂದ.

"ನೀನೇ ಅಂತ ಗೊತ್ತು ಕಣೋ, ಕಳ್ಳ!" ಕೈಚೀಲದಿಂದ ಅವನ ಮಂಡಿಗೊಂದು ಬಿಟ್ಟಳು. "ಇದು ಮಾರಿಸನ ಮೂಗು! ಅಣ್ಣನ ವಸ್ತು ಕೇಳ್ದೆ ಮುಟ್ಬೇಡ ಅಂತ ಎಷ್ಟು ಸಲ ಬಡ್ಕೊಂಡಿದೀನಿ?"