ಆಲ್ವಾ ಪೈಕ್‌ನ ತಳ್ಳುಗಾಡಿ

"ರೂಸ್‌ವೆಲ್ಟ್‌ಗೆ ಎರಡು ಓಟು," ಎಂದು ಊರ ಗುಮಾಸ್ತ ಅಧ್ಯಕ್ಷರ ಚುನಾವಣೆಯ ಎಣಿಕೆ ಮುಗಿಸಿ ಓದಿದಾಗ ಆಲ್ವಾ ಪೈಕ್‌ನ ಬಾಯಲ್ಲಿದ್ದ ಪೈಪು ಮಡಿಲಿಗೆ ಬಿತ್ತು.

ಎದುರಾಳಿ ರಿಪಬ್ಲಿಕನ್ ಲ್ಯಾಂಡನ್‌ಗೆ ನೂರ ಹನ್ನೊಂದು ಬಂದಿದ್ದವು. ಯಾರಿಗೆ ಬೇಕಿತ್ತು ಆ ಲೆಕ್ಕ? ಊರಿಗೆಲ್ಲ ರೂಸ್‌ವೆಲ್ಟ್ ಕಡೆಯ ಒಬ್ಬನೇ ಡೆಮಾಕ್ರಟ್ ಎಂದರೆ ಲಾಳ ಕಟ್ಟುವ ಧಡೂತಿ ಓರಿನ್ ಕಾಬ್. "ನಿನ್ನದು ಬಿಟ್ಟು ಅವನಿಗೆ ಇನ್ನೊಂದು ಓಟು ಬಿದ್ದರೆ ನಿನ್ನನ್ನ ತಳ್ಳುಗಾಡೀಲಿ ಕೂರಿಸಿ ಚರ್ಚಿಂದ ಸೇತುವೆ ತನಕ ತಳ್ತೀನಿ ಕಣೋ," ಎಂದು ಆಲ್ವಾ ಹೋದ ವಾರ ಹತ್ತು ಜನರೆದುರು ಪಂಥ ಕಟ್ಟಿದ್ದ.

"ಯಾರು ಆ ಮನೆಹಾಳ? ನಮ್ಮನೇ ಎರಡು ಓಟೂ ಗಟ್ಟಿ. ಲವೀನಾ ನಾನು ಹೇಳಿದ ಕಡೆಗೇ ಹಾಕೋದು," ಎಂದು ಹಾರಾಡಿದ. ಪಕ್ಕದಲ್ಲೇ ಕೂತಿದ್ದ ಹೆಂಡತಿ ಲವೀನಾ ಕಾಲುಚೀಲ ಹೆಣೆಯುತ್ತಲೇ ಇದ್ದಳು.

ಮರುದಿನ ರೇಡಿಯೋ ಹೇಳಿತು: ನಲವತ್ತೆಂಟು ರಾಜ್ಯಗಳಲ್ಲಿ ಲ್ಯಾಂಡನ್ ಕೈ ಹಿಡಿದದ್ದು ಎರಡೇ, ಮೇಯ್ನ್ ಮತ್ತು ನಮ್ಮ ವರ್ಮಾಂಟ್. ಊರವರು ಎದೆಯುಬ್ಬಿಸಿ ಓಡಾಡಿದರು. ಆಲ್ವಾ ಮಾತ್ರ ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಂಡ.

ಶನಿವಾರ ಮಧ್ಯಾಹ್ನ ಬೀದಿಯ ಎರಡೂ ಬದಿ ಜನವೋ ಜನ. ಕಾಬ್ ಮದುವೆಯ ಟೋಪಿ ಹಾಕಿಕೊಂಡು ಬಂದು ಗಾಡಿಯಲ್ಲಿ ಮದುಮಗನ ಹಾಗೆ ಕೂತ. ಆಲ್ವಾ ಹಲ್ಲು ಕಚ್ಚಿ ತಳ್ಳಿದ. ಅರ್ಧ ದಾರಿಯಲ್ಲಿ ಕಾಬ್ ತಿರುಗಿ ನೋಡಿದ.

"ಎರಡು ವರ್ಷದಿಂದ ಈ ಗಾಡಿ ಬೀದಿಗೆಲ್ಲ ಕೇಳೋ ಹಾಗೆ ಕಿರುಚ್ತಿತ್ತಲ್ಲೋ. ಇವತ್ತು ಉಸಿರೇ ಇಲ್ಲ!"

ಹೌದಲ್ಲ! ಆಲ್ವಾ ಗಾಡಿ ನಿಲ್ಲಿಸಿ ಬಗ್ಗಿ ಚಕ್ರ ಮುಟ್ಟಿದ. ಬೆರಳಿಗೆ ಗ್ರೀಸ್ ಮೆತ್ತಿತು. ಲವೀನಾ ಪಕ್ಕದಲ್ಲೇ ನಡೆದು ಬರುತ್ತಿದ್ದಳು.

"ನೀನು ಹಚ್ಚಿದ್ಯೇನೆ?"

"ಇನ್ಯಾರು? ನೀವು ಹಚ್ತೀರ ಅಂತ ಕಾದೂ ಕಾದೂ ಸಾಕಾಯ್ತು. ಈ ವಯಸ್ಸಲ್ಲಿ ಈ ಕಾಬ್‌ನ ತಳ್ಳೋದು ಅಂದ್ರೆ ಹುಡುಗಾಟವಾ? ಅದಕ್ಕೇ ಹಚ್ಚಿಟ್ಟೆ."

ಆಲ್ವಾ ಬೆರಳಿನ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡು ಹೆಂಡತಿಯತ್ತ ತಿರುಗಿದ. ಇಡೀ ಊರು ನಗುವಾಗ ತನ್ನ ಸೊಂಟದ ಚಿಂತೆ ಮಾಡಿದವಳು ಇವಳೊಬ್ಬಳೇ.

"ಯಾವಾಗ ಹಚ್ಚಿದ್ಯೇ, ಪಾಪ?"

"ಸೋಮವಾರ."

ಓಟು ನಡೆದದ್ದು ಮಂಗಳವಾರ. ಆಲ್ವಾ ಬೆರಳು ಮಡಚಿ ಲೆಕ್ಕ ಹಾಕುತ್ತಿರುವಾಗ, ಕಾಬ್ ಕೂತಲ್ಲಿಂದಲೇ ಲವೀನಾಳತ್ತ ಟೋಪಿ ಎತ್ತಿ ನಮಸ್ಕರಿಸಿದ.