ಕೆಂಪು ದಾರ

“ಕಡತ ಸಿಕ್ಕಿಲ್ಲ ಅಂತ ಬರೆದೇ ಕೊಟ್ಟಿದ್ದೀವಲ್ಲಮ್ಮಾ, ಇನ್ನೇನು ಬೇಕು?” ಎಂದು ಮಾಹಿತಿ ಅಧಿಕಾರಿ ಸಿಡುಕಿ ಕೂತಲ್ಲೇ ಮಗ್ಗುಲು ಬದಲಿಸಿದಾಗ, ಅವರ ತೊಡೆಯಡಿಯಿಂದ ಕೆಂಪು ದಾರದ ತುದಿಯೊಂದು ಇಣುಕಿತು. ಎದುರು ನಿಂತಿದ್ದ ಬೈಂಡಿಂಗ್ ಕೆಲಸದವಳ ಕಣ್ಣು ಅಲ್ಲೇ ನೆಟ್ಟಿತು.

ಅಧಿಕಾರಿ ಗಿಡ್ಡ ಆಳು. ಮೇಜು ಎಟುಕಲಿ ಅಂತ ಕುರ್ಚಿಯ ಮೇಲೆ ಎರಡು ದಪ್ಪ ಕಡತ ಹಾಕಿಕೊಂಡು ಕೂತಿದ್ದರು. ಈ ಕಚೇರಿಯ ಕಡತಗಳನ್ನೆಲ್ಲ ಹೊಲಿದುಕೊಡುವವಳು ಅವಳೇ, ಯಾವಾಗಲೂ ಬಿಳಿ ದಾರದಲ್ಲಿ. ಒಂದೇ ಒಂದು ಸಲ ದಾರ ಮುಗಿದು, ಮಗಳ ಕಸೂತಿಯ ಕೆಂಪು ದಾರ ಬಳಸಿದ್ದಳು. ಅದು ಶಾಲೆಯ ಗೋಡೆಯ ತಪಾಸಣಾ ವರದಿ. ಹೊಲಿಯುವವರು ಓದಬಾರದು ಎಂಬ ನಿಯಮಕ್ಕೆ ತಲೆಬಾಗಿ ಒಂದಕ್ಷರ ಓದಿರಲಿಲ್ಲ. ಎರಡೇ ತಿಂಗಳಿಗೆ ಆ ಗೋಡೆ ಅವಳ ಮಗಳ ಕಾಲಿನ ಮೇಲೆ ಬಿತ್ತು. ಅದು ಬೀಳುತ್ತದೆಂದು ಈ ಕಚೇರಿಯವರಿಗೆ ಮೊದಲೇ ಗೊತ್ತಿತ್ತಾ? ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಅವಳು ಕೇಳಿದ್ದು ಅಷ್ಟೇ.

“ಏನಮ್ಮಾ ಹಾಗೆ ನೋಡ್ತೀರಿ? ಇಡೀ ಕಚೇರಿ ಜಾಲಾಡಿದ್ದೀವಿ.”

“ಸಾಹೇಬ್ರು ಫೈಲ್ ಮೇಲೆ ಕೂತಿದ್ದಾರೆ ಅಂತ ಜನ ಆಡ್ಕೊಳ್ತಿದ್ರು ಸಾರ್. ನಾನು ಬರೀ ಮಾತಿಗೆ ಹೇಳ್ತಾರೆ ಅಂದ್ಕೊಂಡಿದ್ದೆ.” ಅವಳು ಮೇಜು ಸುತ್ತಿಕೊಂಡು ಹೋಗಿ ದಾರದ ತುದಿಯನ್ನು ಬೆರಳಿಗೆ ಸುತ್ತಿ ಬಿಗಿಹಿಡಿದಳು. ಸಾಲಿನಲ್ಲಿ ನಿಂತವರೆಲ್ಲ ಕತ್ತು ಚಾಚಿದರು.

“ಏಯ್, ಏನಿದು? ಮೊದಲು ಆಚೆ ನಡೀರಿ!”

“ಅವತ್ತು ಓದದೇ ಹೊಲಿದುಬಿಟ್ಟೆ. ಇವತ್ತು ಓದದೇ ಹೋಗೋಳಲ್ಲ,” ಎಂದಳು. “ಎದ್ದೇಳಿ ಸಾರ್.”