ಹೇಳದ ಬೇನೆ

“ಮೊದಲಿಂದ ಏನಾರ ಬ್ಯಾನಿ ಐತೇನವ್ವಾ? ದಮ್ಮು, ಸಕ್ಕರಿ, ಹೃದಯದ್ದು?”

ವಿಜಯಲಕ್ಷ್ಮಿಯ ನಾಡಿ ಹಿಡಿದುಕೊಂಡೇ ಡಾಕ್ಟರಮ್ಮ ಕೇಳಿದರು. ಹೊಟ್ಟೆಯಲ್ಲಿದ್ದ ಕೂಸಿನ ಎದೆಬಡಿತ ಇಳಿಯುತ್ತಿತ್ತು. ಆಪರೇಷನ್ ಮಾಡದೆ ಬೇರೆ ದಾರಿಯಿರಲಿಲ್ಲ. ಗಂಡ ಶ್ರೀಧರ ರಕ್ತ ತರಲು ಗದಗಿಗೆ ಹೋದವನು ಇನ್ನೂ ಬಂದಿರಲಿಲ್ಲ.

ಏದುಸಿರು ಬಿಡುತ್ತಿದ್ದ ವಿಜಯಲಕ್ಷ್ಮಿ ತಾಯಿಯನ್ನು ನೋಡಿದಳು. ತಾಯಿ ತಿಪ್ಪವ್ವ ಮಂಚದ ಆಚೆ ನಿಂತಿದ್ದ ಬೀಗತಿ ಬಾಳವ್ವನನ್ನು ನೋಡಿದಳು.

“ಏನಿಲ್ರಿ ಬಾಯಾರ,” ಎಂದಳು ತಿಪ್ಪವ್ವ. “ಬಸುರಿ ದಣಿವು, ಅಷ್ಟ.”

ಬಾಳವ್ವ ಸೊಸೆಯ ಹಣೆಯ ಬೆವರು ಒರೆಸಿದಳು. ವಿಜಯಲಕ್ಷ್ಮಿಯನ್ನು ಒಳಗೆ ಕರೆದೊಯ್ದರು.

ಬೇನೆ ಇತ್ತು. ಶಾಲೆಗೆ ಹೋಗುವ ವಯಸ್ಸಿನಲ್ಲಿ ವಿಜಯಲಕ್ಷ್ಮಿಗೆ ಕೀಲೆಲ್ಲ ಬಾತು ಜ್ವರ ಬಂದಿತ್ತು. ಹೃದಯದ ಕವಾಟ ಕೆಟ್ಟಿದೆ, ತಿಂಗಳಿಗೊಂದು ಇಂಜೆಕ್ಷನ್ ತಪ್ಪಿಸಬೇಡಿ ಎಂದು ಗದಗಿನ ಡಾಕ್ಟರು ಹೇಳಿದ್ದರು. ತಮ್ಮೂರು ರಾಜೂರಿನಿಂದ ಬಸ್ಸು ಹತ್ತಿಸಿಕೊಂಡು ತಿಪ್ಪವ್ವ ವರ್ಷಗಟ್ಟಲೆ ಕರೆದುಕೊಂಡು ಹೋದಳು. ಗಜೇಂದ್ರಗಡದ ನೇಕಾರರ ಮನೆಯಿಂದ ಸಂಬಂಧ ಬಂದಾಗ ನಿಲ್ಲಿಸಿದಳು. ಹೃದಯದ ಬೇನೆಯ ಹುಡುಗಿಯನ್ನು ಯಾರು ಮಾಡಿಕೊಂಡಾರು? “ಗಂಡನ ಮನ್ಯಾಗ ಬಾಯಿ ಬಿಡಬ್ಯಾಡ ನೋಡು,” ಎಂದು ಮಗಳಿಗೆ ತಾಕೀತು ಮಾಡಿ ಕಳಿಸಿದ್ದಳು. ಮಗಳು ಅವ್ವನ ಮಾತು ಮೀರಲಿಲ್ಲ.

ಒಳಗಿನಿಂದ ಕೂಸಿನ ಅಳು ಕೇಳಿತು. ತಿಪ್ಪವ್ವ ಕೈ ಮುಗಿದಳು. ಆದರೆ ಸ್ವಲ್ಪ ಹೊತ್ತಿಗೇ ಬಾಗಿಲು ದಡಾರನೆ ತೆರೆದು ಒಬ್ಬಳು ನರ್ಸ್ ಓಡಿದಳು, ಇನ್ನೊಬ್ಬಳು ಆಕ್ಸಿಜನ್ ಸಿಲಿಂಡರ್ ಎಳೆದು ತಂದಳು. ಆಮೇಲೆ ಯಾರೂ ಓಡಾಡಲಿಲ್ಲ.

ಡಾಕ್ಟರಮ್ಮ ಹೊರಬಂದು ಗೋಡೆಗೆ ಒರಗಿ ನಿಂತರು. “ಹೆಣ್ಣುಕೂಸು, ಚಲೋ ಐತಿ. ತಾಯಿ ಉಳೀಲಿಲ್ಲ. ಕೂಸು ಹೊರಗ ಬರೂದ ತಡ ಎದಿಯಾಗ ನೀರು ತುಂಬ್ತು, ಹೃದಯ ತಡೀಲಿಲ್ಲ. ಆ ಹೃದಯ ಇವತ್ತ ಕೆಟ್ಟಿದ್ದಲ್ರಿ. ಖರೇ ಹೇಳ್ರಿ, ಸಣ್ಣಾಕಿದ್ದಾಗ ಕೀಲು ಬಾತು ಜ್ವರ ಬಂದಿತ್ತೇನು?”

ತಿಪ್ಪವ್ವ ಹೌದೆಂದು ತಲೆಯಾಡಿಸಿದಳು.

“ಬಸುರಾದಾಗನ ಹೇಳಿದ್ರ ಹುಬ್ಬಳ್ಳಿಗೆ ಕಳಸ್ತಿದ್ದೆ. ಹೃದಯದ ಡಾಕ್ಟರು ಬಾಜೂಕ ಇರತಿದ್ರು. ಉಳೀತಿದ್ಲೋ ಏನೋ.” ಡಾಕ್ಟರಮ್ಮ ಒಳಗೆ ಹೋದರು.

ತಿಪ್ಪವ್ವ ಕುಸಿದು ಬಾಳವ್ವನ ಕಾಲು ಹಿಡಿದಳು. “ಮೋಸ ಮಾಡಿದೆ ಅಕ್ಕಾ, ನಿಮಗ ಮೋಸ ಮಾಡಿದೆ. ಬೈ, ಹೊಡಿ, ಏನಾರ ಮಾಡು.”

ಬಾಳವ್ವ ಕಾಲು ಹಿಂತೆಗೆದುಕೊಳ್ಳಲಿಲ್ಲ.

“ನನಗ ಗೊತ್ತಿತ್ತು.”

ತಿಪ್ಪವ್ವ ತಲೆಯೆತ್ತಿದಳು.

“ಯಾವ ಬ್ಯಾನಿ ಅಂತ ಗೊತ್ತಿದ್ದಿಲ್ಲ. ಆದ್ರ ಏನೋ ಐತಿ ಅಂತ ಗೊತ್ತಿತ್ತು. ಮಗ್ಗದಿಂದ ಎದ್ದಾಗೊಮ್ಮೆ ಗ್ವಾಡಿ ಹಿಡಕೊಂಡು ನಿಂದರತಿದ್ಲು. ರಾತ್ರಿ ಮಲಗಾಕ ಬರದ ಕುಂತ ಇರತಿದ್ಲು. ಕೇಳಿದ್ರ ಎಲ್ಲಾ ಹೊರಗ ಬೀಳತೈತಿ, ಶ್ರೀಧರ ಆಕಿನ್ನ ತವರಿಗೆ ಬಿಟ್ಟು ಬರತಾನ ಅಂತ ಸುಮ್ಮನಿದ್ದೆ. ನನಗ ಆಕಿ ಬೇಕಾಗಿದ್ಲು.”

ನರ್ಸ್ ಬಿಳಿ ಅರಿವೆಯಲ್ಲಿ ಸುತ್ತಿದ ಕೂಸನ್ನು ತಂದಳು.

“ಅಜ್ಜಿ ಯಾರ್ರೀ? ಯಾರ ಕೈಯಾಗ ಕೊಡ್ಲಿ?”

ಇಬ್ಬರ ಕೈಯೂ ಮುಂದೆ ಬರಲಿಲ್ಲ.